ಬಾಗಿದ ಖಡಕ್ ರೊಟ್ಟಿ

ತಟ ತಟ ತಟ ಎನ್ನುತ್ತಿದ್ದ ಸದ್ದು ನಿಂತಿತು — ಯಾಕೆ ನಿಂತಿತು, ನಿಂಬೆವ್ವನ ಕೈ ಹಿಟ್ಟು ಮೆತ್ತಿಕೊಂಡು ಹಾಗೇ ಮೇಲೆ ನಿಂತಿದೆ, ಕೆಳಗೆ ಅರ್ಧ ತಟ್ಟಿದ ರೊಟ್ಟಿ, ಬಾಗಿಲಲ್ಲಿ ಅಡತಿ ಅಂಗಡಿಯ ಕಲ್ಯಾಣಪ್ಪ, ಅವನ ಹೊಟ್ಟೆ ಮೊದಲು ಒಳಗೆ ಬಂತು, ಅವನು ಬರಲು ಇನ್ನೂ ಅರ್ಧ ತಾಸು ಬೇಕು, ಹೊರಗೆ ಅವನ ಹೊಸ ಲೂನಾ ಆಗಷ್ಟೇ ಈದ ಎಮ್ಮೆಯ ಹಾಗೆ ಏದುಸಿರು ಬಿಡುತ್ತಿದೆ ಎಂದುಕೊಂಡ ರೊಟ್ಟಿ ಗುಡಿಸಲಿನ ಒಡತಿ ಗಂಗಾಬಾಯಿಗೆ ನಗು ಬಂತು, ಬಂದ ಹಾಗೇ ಹೋಯಿತು, ಯಾಕೆಂದರೆ ಅವನ ಬೆರಳ ಮೇಲೆ ಮೊನ್ನೆ ಇಲ್ಲಿಂದಲೇ ಹೋದ ರೊಟ್ಟಿ, ಎರಡೂ ಕಡೆ ಜೋತು ಬಿದ್ದಿದೆ. ಖಡಕ್ ರೊಟ್ಟಿ ಜೋತು ಬೀಳುವುದುಂಟೇ, ಜೇವರ್ಗಿಯಲ್ಲಿ ಮುರಿದರೆ ಆಳಂದದಲ್ಲಿ ಮಲಗಿದ ನಾಯಿ ಎದ್ದು ಬೊಗಳಬೇಕು, ಅದು ಖಡಕ್. ಇದೇನ್ರಿ ಆಯಿ, ರೊಟ್ಟಿನೋ ತೊಯ್ಸಿದ ಟಾವೆಲ್ಲೋ, ಎರಡ್ನೂರಕ್ಕ ಎರಡ್ನೂರೂ ಹಿಂಗೇ ಅವ, ಕಲ್ಲಿನ ಕ್ವಾರಿ ಮಂದಿ ನನ್ನ ಮಾರಿ ಮ್ಯಾಲ ಒಗದಾರ. ಒಗೆದವರ ಕೈಗೆ ಪುಣ್ಯ ಬರಲಿ, ಎಂದಿತು ಗಂಗಾಬಾಯಿಯ ಒಳಗಿನ ನಾಲಿಗೆ. ಒಬ್ಬಾಕಿ ಕೆಡಿಸ್ಯಾಳ, ಆಕಿ ಹೆಸರು ಹೇಳ್ರಿ, ಇವತ್ತೇ ಹೊರಗ ಹಾಕ್ರಿ, ತಿಂಗಳಿಗೆ ಎರಡು ಸಾವಿರ ರೊಟ್ಟಿದು ಆರ್ಡರು ನಿಮಗೇ, ಇಲ್ಲಂದ್ರ ಇಲ್ಲ. ಎರಡು ಸಾವಿರ — ಒಂದರ ಮೇಲೊಂದು ಇಟ್ಟರೆ ಚಂದ್ರನಿಗೆ ಏಣಿ ಆದೀತು, ನಾಲ್ಕು ಒಲೆ ವರ್ಷವಿಡೀ ಆರುವುದಿಲ್ಲ, ಪಕ್ಕದ ಒಲೆಯ ಖಾಸೀಂಬಿಯ ಸೋರುವ ಮನೆಗೆ ತಗಡು ಬೀಳುತ್ತದೆ, ಗುರಮ್ಮನ ಮಗಳು ಸಾಲೆ ಬಿಡಬೇಕಾಗಿಲ್ಲ, ಒಂದು ಹೆಸರು ಅಷ್ಟೇ, ಬಾಯಿಂದ ಉಗುಳಿದರೆ ಆಯಿತು. ಗುರಮ್ಮ ನೆಲ ನೋಡುತ್ತಾಳೆ, ಖಾಸೀಂಬಿ ಬೆಂಕಿ ನೋಡುತ್ತಾಳೆ, ನಿಂಬೆವ್ವನ ಕೈ ಇನ್ನೂ ಮೇಲೇ ಇದೆ.

ಹೆಸರು ಕೇಳುವುದಿಲ್ಲ ನಮ್ಮಲ್ಲಿ, ಆರು ವರ್ಷದಿಂದ ಕೇಳಿಲ್ಲ, ಈ ಹೊಟ್ಟೆಗೇನು ಗೊತ್ತು — ಗುರುವಾರ ಗುರುವಾರ ಪರೀಕ್ಷೆಗೆ ಹತ್ತೇ ರೊಟ್ಟಿ ಲಾರಿ ಡ್ರೈವರ್ ಹಸನಸಾಬನ ಕೈಗೆ, ಸೋಲಾಪುರಕ್ಕೆ ಹೋಗಿ ಬಾ, ಉಳಿದದ್ದು ತಿನ್ನು, ಮುರಿದದ್ದು ವಾಪಸ್ ತಾ. ಮಸ್ತ್ ಅವ ಆಯಿ ಅಂತ ಹಲ್ಲು ಬಿಡುತ್ತಿದ್ದ ಮೊದಮೊದಲು, ನಿನ್ನ ಮಸ್ತ್ ನಿನ್ನ ಹೇಣ್ತಿಗೆ ಹೇಳಲೇ, ನನಗ ಚೂರು ಬೇಕು. ಚೂರು ತಂದ. ಚಾದರದ ಮೇಲೆ ಸುರುವಿ ಎಲ್ಲರೂ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಚೂರು ಹಿಡಿದು ಇದು ಯಾಕೆ ಮುರೀತು ಹೇಳಬೇಕು, ಯಾರು ಬಡಿದದ್ದು ಹೇಳಬಾರದು, ಹೇಳಿ ಮುಗಿದ ಮೇಲೆ ಮೊಸರಲ್ಲಿ ಕಲಸಿ ತಿಂದು ಏಳಬೇಕು, ತಪ್ಪು ಹೊಟ್ಟೆಗೆ ಹೋಗಬೇಕು, ಮನೆಗೆ ಹೋಗಬಾರದು. ಹಾಗೇ ಅಂಚು ತೆಳುವಾಯಿತು, ಅಗಲ ಎರಡು ಬೆರಳು ಇಳಿಯಿತು, ಎಳ್ಳು ಬಂತು, ಉಪ್ಪು ಹೋಯಿತು, ವಾರಕ್ಕೆ ಒಂದೇ ಬದಲು, ಎರಡು ಮಾಡಿದರೆ ಯಾವುದು ಕೆಡಿಸಿತೋ ಶಿವನಿಗೂ ತಿಳಿಯುವುದಿಲ್ಲ. ಬೆಂಕಿ ಖಾಸೀಂಬಿಯ ಕಣ್ಣಿಗೆ ಬಿಟ್ಟದ್ದು, ಮಾತು ಗುರಮ್ಮನ ಬಾಯಿಗೆ, ಆ ಬಾಯಿ ಮುಚ್ಚಿಸಲು ಪೊಲೀಸು ಬೇಕು, ಆದರೆ ನಿಂಬೆವ್ವ, ಅಫಜಲಪುರದ ಖಾನಾವಳಿ ಬಿಟ್ಟು ಈಚೆಗೆ ಬಂದವಳು, ಯಾಕೆ ಬಿಟ್ಟೆ ಅಂದರೆ ಸುಮ್ಮನೆ, ಮೂರು ತಿಂಗಳು ಚೂರು ಹಿಡಿದುಕೊಂಡು ಸುಮ್ಮನೆ. ಗಂಗಾಬಾಯಿ ತನ್ನ ಬಾಯಿ ಕಟ್ಟಿಕೊಂಡು ಕಾದಳು, ಎತ್ತಿನ ಬಾಯಿಗೆ ಕುಕ್ಕೆ ಕಟ್ಟಿದ ಹಾಗೆ ಕಟ್ಟಿಕೊಂಡಳು, ಸತ್ತ ಗಂಡ ನೋಡಿದ್ದರೆ ನಗುತ್ತ ಇನ್ನೊಮ್ಮೆ ಸಾಯುತ್ತಿದ್ದ, ಆಗ ಬಂತು ಆ ಸಣ್ಣ ದನಿ, ಹಿಡಿ ಗೋಧಿ ಹಿಟ್ಟು ಬೆರಸಿದ್ರ ಮುರಿಯಂಗಿಲ್ಲೇನೋರಿ ಆಯಿ.

ಬೆರೆಸಿದ್ದು ನಿಂಬೆವ್ವನೇ, ಹೌದು, ನಾಲ್ಕು ಮಾಡಿದರು, ಸಂಜೆಯವರೆಗೆ ಎತ್ತಿ ಒಗೆದರೂ ಮುರಿಯಲಿಲ್ಲ, ಗಂಗಾಬಾಯಿ ಕುಣಿದದ್ದು ಭೀಮಾ ನದಿಯ ಆಚೆಗೂ ಕಂಡಿರಬೇಕು, ಅವತ್ತೇ ಕಲ್ಯಾಣಪ್ಪ ಬಂದು ಎರಡ್ನೂರು ಕೇಳಿದ್ದು — ಆಮೇಲೆ, ಆಮೇಲೇನಾಯಿತು ಮುದುಕಿ, ಅದನ್ನು ಯಾಕೆ ಹಾರಿಸುತ್ತೀ. ಹತ್ತು ಮಾಡಿ ಹಸನಸಾಬಣ್ಣನ ಗಾಡ್ಯಾಗ ಕಳಿಸಿ ನೋಡೂಣ್ರಿ ಆಯಿ, ಅಂದಿದ್ದಳು ನಿಂಬೆವ್ವ. ಹತ್ತ್ಯಾಕ ಬೇ, ಎರಡ್ನೂರೂ ಬಡೀರಿ — ಅದು ಯಾರ ಬಾಯಿ? ಸಂಜೆ ಗಟ್ಟಿ, ಒಂದರ ಮೇಲೊಂದು ಗಂಟು ಕಟ್ಟಿ ಇಟ್ಟರೆ ಮರುದಿನ ಮೆತ್ತಗೆ, ಒಂದು ಗುರುವಾರ ಕಾದಿದ್ದರೆ ಚೂರಿನ ಬದಲು ಮೆತ್ತಗಾದ ರೊಟ್ಟಿಯೇ ವಾಪಸ್ ಬರುತ್ತಿತ್ತು. ಹೇಳ್ರಿ ಆಯಿ, ಯಾರಾಕಿ, ಎಂದು ಕಲ್ಯಾಣಪ್ಪ ಒಳಗೇ ಬಂದ, ನಿಂಬೆವ್ವನ ಪಕ್ಕಕ್ಕೇ ಬಂದು ನಿಂತ, ಗಂಗಾಬಾಯಿ ಎದ್ದಳು, ಮೊಣಕಾಲು ಎರಡೂ ತೋಪು ಹಾರಿಸಿದವು. ಹೆಸರು ಬರಕೋರಿ, ಗಂಗಾಬಾಯಿ ಅಂತ. ನಾನೇ ಕೆಡಿಸೇನಿ, ನನ್ನ ಅವಸರ ಕೆಡಿಸೇತಿ, ಹೊರಗ ಹಾಕೋದಿದ್ರ ನನ್ನ ಹಾಕ್ರಿ, ಖರೆ ಇದು ನನ್ನ ಗುಡಿಸಲು, ನೀವು ನಿಂತದ್ದು ನನ್ನ ಹೊಸ್ತಿಲ ಒಳಗ. ಈ ಗುರುವಾರ ಹತ್ತು ರೊಟ್ಟಿ ಹೋಗ್ತಾವ, ಗಟ್ಟಿ ಬಂದ್ರ ಐವತ್ತು ಕೊಡ್ತೇವಿ, ಎರಡು ಸಾವಿರ ನೀವೇ ಕೂತು ಬಡೀರಿ, ಕಲಸಾಕ ಆ ಹೊಟ್ಟಿನೇ ಪರಾತ ಆಕ್ಕೈತಿ. ಗುರಮ್ಮ ಕಿಸಕ್ಕೆಂದಳು. ಮುದುಕಿಗೆ ಹುಚ್ಚು ಹಿಡದೈತಿ, ಎಂದು ಅವನು ರೊಟ್ಟಿಯನ್ನು ಒಲೆಯ ಬಾಯಿಗೆ ಒಗೆದು ಹೋದ, ಲೂನಾ ಅಳುತ್ತ ಬಿಜಾಪುರ ರಸ್ತೆ ಹಿಡಿಯಿತು, ಹೋಯಿತು ಎರಡು ಸಾವಿರ, ಹೋಗಲಿ, ಖಾಸೀಂಬಿಯ ತಗಡು, ಹೋಗಲಿ — ಇಲ್ಲ, ತರುತ್ತೇನೆ, ಹತ್ತು ಹತ್ತಾಗಿಯೇ ತರುತ್ತೇನೆ, ಬಡಿ ಬೇ ನಿಂಬೆವ್ವ, ಹೊಟ್ಟಿ ಹೋತು, ಇನ್ನ್ಯಾರ ದಾರಿ ನೋಡಾಕತ್ತಿ, ಅನ್ನಬೇಕೆಂದು ತಿರುಗಿದಳು, ಆ ಕೈ ಇಳಿದಿಲ್ಲ, ಅಂಗೈ ರೊಟ್ಟಿಯ ಕಡೆಗಿಲ್ಲ, ಹೊರಗೆ ತಿರುಗಿದೆ, ಮೊಣಕೈ ಮುಖಕ್ಕೆ ಅಡ್ಡ, ಅದು ತಟ್ಟಲು ಎತ್ತಿದ್ದಲ್ಲ, ಖಾನಾವಳಿ, ಯಾಕೆ ಬಿಟ್ಟೆ ಅಂದರೆ ಸುಮ್ಮನೆ, ಅಲ್ಲಿ ಕಲಿತ ಹಾಗೆ ಏಟು ತಡೆಯಲು ಎತ್ತಿದ ಕೈ, ಹಿಟ್ಟು ಒಣಗಿ ಬಿರುಕು ಬಿಟ್ಟ ಕೈ, ಆ ಕೈ —