ಸೂರ್ಯನಾರಾಯಣನಿಗೆ ಅರ್ಜಿ

"ಏನ್ಲಾ ಓಬಳ, ಕೈ ಸತ್ತೋಗವೇನ್ಲಾ? ಜೋಯಿಸ್ರ ಕಾಲು ಸುಡ್ತೈತೆ. ಬೇಗ ಚೀಲ ಹಾಕ್ಲಾ, ಬಡ್ಡಿಮಗ್ನೆ."

ಸಾವ್ಕಾರ ರೇಣುಕಾಪ್ರಸಾದ್ ಆಫೀಸಿನ ಬಾಗಿಲ ನೆರಳಲ್ಲಿ ನಿಂತು ಬೈಯುತ್ತಿದ್ದ. ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಓಬಳಯ್ಯ ಒದ್ದೆ ಗೋಣಿಚೀಲಗಳನ್ನು ಕಾದ ಸಿಮೆಂಟಿನ ಮೇಲೆ ಒಂದೊಂದಾಗಿ ಹಾಸುತ್ತ, ಬಗ್ಗಿಕೊಂಡೇ ಹಿಂದಕ್ಕೆ ಸರಿಯುತ್ತಿದ್ದ. ಜೋಯಿಸರು ಪಂಚೆ ಎತ್ತಿಕೊಂಡು, ಕೊಕ್ಕರೆಯಂತೆ ಹೆಜ್ಜೆ ಹುಡುಕುತ್ತ ಚೀಲದಿಂದ ಚೀಲಕ್ಕೆ ದಾಟುತ್ತಿದ್ದರು. ಶನಿವಾರದ ಪೂಜೆ ಅಂದರೆ ಹೀಗೆಯೇ.

ಗುಬ್ಬಿ ರಸ್ತೆಯ ಆ ನಾರಿನ ಕಾರ್ಖಾನೆಯಲ್ಲಿ, ತೆಂಗಿನ ಮಟ್ಟೆಯಿಂದ ತೆಗೆದ ಹಸಿ ನಾರನ್ನು ಒಣಗಿಸುವ ಸಿಮೆಂಟಿನ ಕಣವೇ ಅರ್ಧ ಎಕರೆ. ನೆರಳು ಇದ್ದದ್ದು ಆಫೀಸು ಬಿಟ್ಟರೆ ಮೂಲೆಯ ನವಗ್ರಹ ಗುಡಿಯಲ್ಲಿ. ವಾಸ್ತು ಸರಿಯಾಗಲೆಂದು ಕಟ್ಟಿಸಿದ ಗುಡಿ. ಒಂಬತ್ತು ವಿಗ್ರಹಗಳಿಗೆ ಮಾರ್ಬಲ್ ನೆಲ, ಮೇಲೆ ಶೀಟು, ಶೀಟಿನಡಿ ಒಂದು ಫ್ಯಾನು. ಕೂಲಿಯವರು ಅದರ ಮೆಟ್ಟಿಲು ಹತ್ತುವಂತಿರಲಿಲ್ಲ. ಮೆಟ್ಟು ಹಾಕಿಕೊಂಡು ಯಾರೂ ಕಣಕ್ಕೆ ಇಳಿಯುವಂತೆಯೂ ಇರಲಿಲ್ಲ. ಕಣ ಅಂದರೆ ಲಕ್ಷ್ಮಿ ಎಂದು ಸಾವ್ಕಾರ ಬೋರ್ಡು ಬರೆಸಿದ್ದ.

ಕದರಮ್ಮ ಕವೆಗೋಲಿನಿಂದ ನಾರು ತಿರುವುತ್ತಿದ್ದಳು. ಮಧ್ಯಾಹ್ನವಾದರೆ ಹನ್ನೊಂದು ಹೆಂಗಸರೂ ಒಂದು ಕಾಲು ಊರಿ ಒಂದು ಎತ್ತಿ, ಒಂದು ಊರಿ ಒಂದು ಎತ್ತಿ ಕೆಲಸ ಮಾಡುತ್ತಿದ್ದರು. ರಸ್ತೆಯಲ್ಲಿ ಹೋಗುವವರಿಗೆ ಕೋಲಾಟದಂತೆ ಕಾಣುತ್ತಿದ್ದಿರಬೇಕು. ಹೋದ ವಾರದವರೆಗೆ ಅವರು ಹನ್ನೆರಡು ಮಂದಿ ಇದ್ದರು.

ಜೋಯಿಸರ ಹಿಂದೆಯೇ ಚೀಲ ದಾಟಿ ಸಾವ್ಕಾರನೂ ಗುಡಿ ಸೇರಿದ್ದ. ಪೂಜೆ ಮುಗಿದಾಗ ಅವಳು ಹತ್ತಿರ ಹೋಗಿ, ಮೆಟ್ಟಿಲ ಕೆಳಗೇ ನಿಂತಳು.

"ಸಾವ್ಕಾರ್ರೆ, ಬಿಸ್ಲಿಗೆ ಬಿದ್ದ ಹನುಮಮ್ಮ ಇನ್ನೂ ಆಸ್ಪತ್ರೇಲೇ ಅವ್ಳೆ. ಕಿಡ್ನಿ ಏಟು ತಿಂದೈತೆ ಅಂದ್ರು ಡಾಕ್ಟ್ರು. ಹನ್ನೆರ್ಡರಿಂದ ಮೂರ್ಗಂಟೆ ಗಂಟ ಬುಟ್ಬುಡಿ. ಬೆಳಿಗ್ಗೆ ಬೇಗ ಬಂದು ಮಾಡ್ತೀವಿ."

"ನಾರು ಒಣಗೋ ಹೊತ್ತೇ ಅದು. ನಿಮ್ಮವ್ವ ಬಂದು ತಿರುವ್ತಾಳೇನೆ?"

"ಬಿಸ್ಲು ಮದ್ಲಿನಂಗಿಲ್ಲ. ನನ್ ಮಗ್ಳು ಯಶಸ್ವಿನಿ ತುಮ್ಕೂರಲ್ಲಿ ಬಿಎಸ್ಸಿ ಓದ್ತವ್ಳೆ. ಹೊಗೆ ಜಾಸ್ತಿಯಾಗಿ ಭೂಮಿನೇ ಕಾಯ್ತೈತೆ ಅಂತಾಳೆ."

ಜೋಯಿಸರು ಫ್ಯಾನಿನ ಕೆಳಗೆ ಕೂತು ನಕ್ಕರು. "ನೋಡಿದ್ರಾ ಅಹಂಕಾರ? ಭಗವಂತನ ಸೃಷ್ಟಿನ ಹುಲುಮನುಷ್ಯ ಬಿಸಿ ಮಾಡ್ತಾನಂತೆ. ಪಂಚಾಂಗ ಕೇಳಮ್ಮ. ಈ ಸಂವತ್ಸರಕ್ಕೆ ಸೂರ್ಯನೇ ರಾಜ. ರಾಜ ಅಂದ್ಮೇಲೆ ಪ್ರತಾಪ ತೋರಿಸ್ತಾನೆ. ಬರೋ ಯುಗಾದಿಗೆ ಗುರು ಬರ್ತಾನೆ, ತಣ್ಣಗಾಗುತ್ತೆ."

"ಹೋದ್ವರ್ಷ ಯಾರಿದ್ರು ಸ್ವಾಮಿ?"

"ಕುಜ."

"ಆಗ್ಲೂ ಹಿಂಗೇ ಸುಡ್ತಿತ್ತು."

"ಕುಜ ಅಂದ್ರೇನೇ ಬೆಂಕಿ ಕಣಮ್ಮ."

"ಅದರ ಹಿಂದ್ಲು ವರ್ಷ?"

"ಬುಧ," ಎಂದು ಜೋಯಿಸರು ಗಂಟಲು ಸರಿಮಾಡಿಕೊಂಡರು. ಬುಧನಲ್ಲಿ ಬೆಂಕಿ ಹುಡುಕುತ್ತ ಪಂಚಾಂಗದ ಹಾಳೆ ಮಗುಚತೊಡಗಿದರು.

"ಏಯ್ ಮುಂಡೆ, ಜೋಯಿಸ್ರಿಗೇ ಪಾಠ ಹೇಳ್ತೀಯ?" ರೇಣುಕಾಪ್ರಸಾದ್ ನಡುವೆ ಬಾಯಿ ಹಾಕಿದ. "ಬಿಸ್ಲು ಕೊಡೋನು ನಾನಲ್ಲ. ರಾಜ ಅವ್ನು. ಬಿಡುವು ಬೇಕಾದ್ರೆ ಹೋಗಿ ಅವನ್ನೇ ಕೇಳು."

ಕದರಮ್ಮ ಕವೆಗೋಲಿನ ತುದಿಗೆ ಗಲ್ಲ ಊರಿ ಒಂದು ಗಳಿಗೆ ಯೋಚಿಸಿದಳು. "ಆಯ್ತು ಬುಡಿ," ಅಂದಳು.

ಮುಂದಿನ ಶನಿವಾರದ ಹೊತ್ತಿಗೆ ಯಶಸ್ವಿನಿ ಗೆರೆ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟಿದ್ದಳು. ಗೆ, ಶ್ರೀ ಸೂರ್ಯನಾರಾಯಣ ಸ್ವಾಮಿಯವರು, ಈ ವರ್ಷದ ರಾಜರು, ನವಗ್ರಹ ಗುಡಿ, ಗುಬ್ಬಿ ರಸ್ತೆ. ವಿಷಯ, ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಿಡುವು ಕೋರಿ. ಕೆಳಗೆ ಹನ್ನೊಂದು ಹೆಬ್ಬೆಟ್ಟು, ಓಬಳಯ್ಯನ ಸೊಟ್ಟ ಸಹಿ. ಹಿಂದೆ ಪಿನ್ನು ಹೊಡೆದ ಹನುಮಮ್ಮನ ಆಸ್ಪತ್ರೆ ಚೀಟಿ.

ಹನ್ನೆರಡು ಹೊಡೆಯುತ್ತಲೇ ಕವೆಗೋಲುಗಳು ಕೆಳಗಿಳಿದವು. ಎಲ್ಲರೂ ಡ್ರಮ್ಮಿನ ನೀರಲ್ಲಿ ಕಾಲು ತೊಳೆದು ಗುಡಿಯ ಮೆಟ್ಟಿಲು ಹತ್ತಿದರು. ಅಂಗಾಲಿಗೆ ಮಾರ್ಬಲ್ ತಾಗಿದಾಗ ಕದರಮ್ಮನಿಗೆ ಮೊದಲು ಅದೂ ಸುಟ್ಟಂತೆಯೇ ಆಯಿತು. ಅದು ತಣ್ಣಗಿದೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಅರ್ಜಿಯನ್ನು ನಡುವೆ ನಿಂತ ಸೂರ್ಯನ ಪಾದದಲ್ಲಿಟ್ಟಳು. ಓಬಳಯ್ಯ ಫ್ಯಾನು ಹಾಕಿ, ಹಾರದಿರಲೆಂದು ಹಾಳೆಯ ಮೇಲೆ ಒಂದು ಬಾಳೆಹಣ್ಣು ಇಟ್ಟ.

"ಇವ್ರೇನಕ್ಕ, ಒಬ್ರ ಮಕ ಒಬ್ರು ನೋಡ್ದಂಗೆ ನಿಂತವ್ರೆ?" ಅಂದ ವಿಗ್ರಹಗಳನ್ನು ನೋಡುತ್ತ.

"ಸಾವ್ಕಾರ್ರ ಅಣ್ತಮ್ದೀರಂಗೆ," ಅಂದಳು ಕದರಮ್ಮ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

ಆಫೀಸಿನ ಬಾಗಿಲಿಗೆ ರೇಣುಕಾಪ್ರಸಾದ್ ಬಂದ. ಬೆನ್ನ ಹಿಂದೆ ಜೋಯಿಸರು.

"ಇಳೀರೇ ಕೆಳಿಕ್ಕೆ, ಮುಂಡೇರಾ."

"ನೀವೇ ಕೇಳು ಅಂದ್ರಲ್ಲ ಸಾವ್ಕಾರ್ರೆ. ಅರ್ಜಿ ಕೊಟ್ಟಿದೀವಿ. ರಾಜ್ರು ಉತ್ರ ಹೇಳ್ಲಿ, ಇಳೀತೀವಿ."

"ಕಲ್ಲು ಎಲ್ಲಾದ್ರೂ ಮಾತಾಡ್ತದೇನೇ?"

ಜೋಯಿಸರು ನಿಧಾನಕ್ಕೆ ತಿರುಗಿ ಅವನ ಮುಖ ನೋಡಿದರು.

ಅವನು ಸಿಟ್ಟಿನಿಂದ ಕಣಕ್ಕೆ ಒಂದು ಕಾಲು ಇಳಿಸಿದ.

"ಮೆಟ್ಟು, ಸಾವ್ಕಾರ್ರೆ," ಎಂದು ಕದರಮ್ಮ ಕೂಗಿ ನೆನಪಿಸಿದಳು. "ಲಕ್ಷ್ಮಿ."

ಜೋಯಿಸರು ನೋಡುತ್ತಿರುವಾಗ ಅವನಿಗೆ ಬೇರೆ ದಾರಿಯಿರಲಿಲ್ಲ. ಮೆಟ್ಟು ಕಳಚಿದ. "ಚೀಲ ಹಾಕ್ಲಾ ಓಬಳ."

"ಬಿಡುವಲ್ಲಿದೀನಿ ಬುದ್ಧಿ," ಅಂದ ಓಬಳಯ್ಯ. ಮಡಿಸಿದ ಗೋಣಿಚೀಲಗಳು ಅವನ ತಲೆಯಡಿ ದಿಂಬಾಗಿದ್ದವು.

ರೇಣುಕಾಪ್ರಸಾದ್ ಒಂದು ಹೆಜ್ಜೆ ಇಟ್ಟ, ಎರಡು, ಮೂರು. ನಾಲ್ಕನೆಯದು ನೆಲ ಮುಟ್ಟಿತೋ ಇಲ್ಲವೋ, ತಿರುಗಿ ಓಡಿಹೋಗಿ ನೆರಳು ಸೇರಿಕೊಂಡ. ಫೋನು ತೆಗೆದು ಕಿವಿಗಿಟ್ಟು, ಒಂಟಿ ಕಾಲಲ್ಲಿ ನಿಂತೇ ಪೊಲೀಸ್ ಠಾಣೆಯ ಯಾರಿಗೋ ಜೀಪು ಕಳಿಸಲು ಹೇಳತೊಡಗಿದ. ಕಣದಲ್ಲಿ ತಿರುವದೆ ಬಿಟ್ಟ ನಾರಿನಿಂದ ಹಬೆ ಏಳುತ್ತಿತ್ತು.

"ಬನ್ನಿ ಸಾವ್ಕಾರ್ರೆ, ಐವತ್ತೇ ಹೆಜ್ಜೆ. ಬಿಸ್ಲೇನು ಜಾಸ್ತಿಯಾಗಿಲ್ಲ," ಅಂದಳು ಕದರಮ್ಮ. ಶನಿಯ ಪಕ್ಕಕ್ಕೆ ಸರಿದು, ಅವನಿಗೂ ಒಬ್ಬರು ಕೂರುವಷ್ಟು ಜಾಗ ಮಾಡಿದಳು.