ಚೀಲ ತುಂಬ ಮಾಳಮ್ಮನ ಉಸಿರು

ಹತ್ತಿಕುಣಿಯ ಬಸವಂತರಾಯ ಕುರಿಯ ಬಾಯಿ ಮೂಸಿ ಅದರ ರೋಗ ಹೇಳುವ ಮನುಷ್ಯ. ಹುಳಿ ವಾಸನೆ ಬಂದರೆ ಜೋಳ ಕದ್ದು ತಿಂದಿದೆ, ಕೊಳೆತ ವಾಸನೆ ಬಂದರೆ ಒಳಗೆ ಏನೋ ಕೆಟ್ಟಿದೆ. ಸುತ್ತಲಿನ ಹಳ್ಳಿಯವರು ಕುರಿ ಹೊತ್ತುಕೊಂಡು ಅವನ ಹಟ್ಟಿಗೆ ಬರುತ್ತಿದ್ದರು. ಇಂಥ ಶಾಣ್ಯಾನಿಗೆ, ಮೂವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಯ ಹೊಟ್ಟೆಯಲ್ಲಿ ಏನಿದೆ ಎಂಬುದು ಮಾತ್ರ ತಿಳಿಯಲಿಲ್ಲ. ಮನೆಯ ದೀಪದ ಬುಡದಲ್ಲೇ ಕತ್ತಲು.

ಮಾಳಮ್ಮನಿಗೆ ನಾಲ್ಕು ವರ್ಷದಿಂದ ಎದೆಯ ಕೆಳಗೆ ಕೆಂಡ ಇಟ್ಟಂಥ ಉರಿ. ಹಸಿ ಉಳ್ಳಾಗಡ್ಡಿ ಇಲ್ಲದೆ ರೊಟ್ಟಿ ಮುರಿಯದವಳು ಮೊದಲು ಅದನ್ನು ಬಿಟ್ಟಳು, ಆಮೇಲೆ ಖಾರ ಬಿಟ್ಟಳು, ಈಗ ಬರೀ ಅಂಬಲಿ ಮಜ್ಜಿಗೆಗೆ ಬಂದು ನಿಂತಿದ್ದಳು. ದವಾಖಾನೆಗೆ ಮಾತ್ರ ಸುತಾರಾಂ ಒಲ್ಲೆ. ಅವಳ ಅಣ್ಣ ನಾಗಣ್ಣ ಹೀಗೇ ಉರಿ ಉರಿ ಎನ್ನುತ್ತ ಒಂದು ದಿನ ರಕ್ತ ಕಾರಿಕೊಂಡಿದ್ದ. ದೂರದ ದೊಡ್ಡ ದವಾಖಾನೆಯಲ್ಲಿ ಗಂಟಲಿಗೆ ಪೈಪು ಇಳಿಸಿ ನೋಡಿದರು. ಅಷ್ಟರಲ್ಲಿ ಹೊತ್ತು ಮೀರಿತ್ತು, ಮರುದಿನ ಹೆಣ ಮನೆಗೆ ಬಂತು. ಅಣ್ಣನನ್ನು ಕೊಂದದ್ದು ಆ ಪೈಪೇ ಎಂದು ಮಾಳಮ್ಮ ತೀರ್ಮಾನಿಸಿಬಿಟ್ಟಿದ್ದಳು.

“ಸತ್ರ ಸಾಯ್ತೀನಿ, ಪೈಪ ನುಂಗಂಗಿಲ್ಲ” ಎಂದರೆ ಮುಗಿಯಿತು.

ಬಸವಂತರಾಯ ತನಗೆ ಗೊತ್ತಿದ್ದ ದಾರಿ ಹಿಡಿದ. ಹಟ್ಟಿಯ ಗೂಡಿನಲ್ಲಿ ದನದ ದವಾಖಾನೆಯಿಂದ ತಂದ ಗುಳಿಗೆಗಳಿದ್ದವು, ಹೊಟ್ಟೆ ಕೆಟ್ಟ ಕುರಿಗೆ ಹಾಕುವಂಥವು, ಹೆಬ್ಬೆರಳಿನಷ್ಟು ದಪ್ಪ. ದಿನಕ್ಕೊಂದು ಚೂರು ಅರೆದು ಅವಳ ಮಜ್ಜಿಗೆಯಲ್ಲಿ ಕಲಸಿದ. ಹೇಳಿದರೆ ಕುಡಿಯುವ ಹೆಣ್ಣಲ್ಲ, ಅದಕ್ಕೇ ಹೇಳಲಿಲ್ಲ. ಎಂಟು ದಿನದಲ್ಲಿ ಉರಿ ಅಷ್ಟಿಷ್ಟು ತಗ್ಗಿತು, ಅವನ ಎದೆ ಅಷ್ಟಿಷ್ಟು ಉಬ್ಬಿತು.

ಒಂಬತ್ತನೆಯ ದಿನ ಯಾದಗಿರಿಯಿಂದ ಡಾಕ್ಟರ್ ಸುಮಲತಾ ಊರ ಶಾಲೆಯಲ್ಲಿ ಊರವರ ತಪಾಸಣೆಗೆ ಬಂದರು. ಇದು ದವಾಖಾನೆಯಲ್ಲವಲ್ಲ ಎಂದು ಮಾಳಮ್ಮನೂ ಹೋದಳು. ಮಾಳಮ್ಮನ ಹೊಟ್ಟೆ ಒತ್ತಿ ನೋಡಿ, ನಾಗಣ್ಣನ ಕತೆಯನ್ನೂ ಪೂರ್ತಿ ಕೇಳಿಸಿಕೊಂಡರು.

“ಪೈಪ ಬ್ಯಾಡ ಯವ್ವಾ. ಬರೇ ಚೀಲದಾಗ ಊದ್ರಿ. ಹೊಟ್ಟ್ಯಾಗ ಕಣ್ಣಿಗಿ ಕಾಣಲಾರದ ಹುಳ ಅದನೋ ಇಲ್ಲೋ, ನಿಮ್ಮ ಉಸುರೇ ಹೇಳ್ತದ.”

ಊದುವುದಷ್ಟೇ ಎಂದಮೇಲೆ ಮಾಳಮ್ಮನಿಗೆ ತಕರಾರು ತೆಗೆಯಲು ದಾರಿ ಉಳಿಯಲಿಲ್ಲ. ಎರಡು ದಿನ ಬಿಟ್ಟು ಇಬ್ಬರೂ ಖಾಲಿ ಹೊಟ್ಟೆಯಲ್ಲಿ ಯಾದಗಿರಿಯ ಬಸ್ಸು ಹತ್ತಿದರು. ಊದಬೇಕಾದವಳು ಅವಳೊಬ್ಬಳೇ, ಇವನ ಉಪವಾಸ ಯಾತಕ್ಕೋ ದೇವರೇ ಬಲ್ಲ.

ಪರೀಕ್ಷೆ ಮಾಡುವ ಹುಡುಗಿ ನುಜ್ಹತ ಮಾಳಮ್ಮನ ಕೈಗೆ ಒಂದು ಚೀಲ ಕೊಟ್ಟು ಊದಿಸಿ, ಅದರ ಬಾಯಿ ಬಿಗಿದಿಟ್ಟಳು. ಆಮೇಲೆ ಕೇಳಿದಳು: “ಈ ತಿಂಗಳದಾಗ ಯಾವರ ಗುಳಿಗಿ ನುಂಗೀರೇನ್ರಿ?”

“ಒಂದೂ ಇಲ್ಲವ್ವ” ಎಂದಳು ಮಾಳಮ್ಮ. ಅವಳ ಪಾಲಿಗೆ ಅದು ಸತ್ಯ. ಬಸವಂತರಾಯ ಮಾತ್ರ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡ.

ನುಜ್ಹತ ಲೋಟದಲ್ಲಿ ಏನೋ ಕಲಸತೊಡಗಿದಳು.

“ಅದ್ರಾಗ ಏನದವಾ?”

“ಯೂರಿಯಾ, ಚಾಚಾ.”

ಬಸವಂತರಾಯ ಹೌಹಾರಿ ಎದ್ದು ನಿಂತ. “ಯೂರಿಯಾ? ಹೋದ ವರ್ಷ ಗದ್ದಿ ಬದುವಿನ್ಯಾಗ ಯೂರಿಯಾ ನೀರ ಕುಡ್ದು ನನ್ನ ಎರಡು ಟಗರು ಕಾಲ ಝಾಡಿಸಿ ಸತ್ತಾವ!”

“ಇದು ಚಿಟಿಕಿ ಅಷ್ಟ ಅದ. ನಮ್ಮ ಮೈಯಾಗೂ ಇರ್ತದ, ಏನೂ ಆಗಂಗಿಲ್ಲ” ಎಂದು ನುಜ್ಹತ ನಕ್ಕಳು. “ಹೊಟ್ಟ್ಯಾಗ ಆ ಹುಳ ಇದ್ರ ಈ ಯೂರಿಯಾ ಒಡೀತದ. ಒಡದಾಗ ಬರೋ ಗಾಳಿ ರಕ್ತದಾಗ ಕೂಡಿ, ಎದಿಗಿ ಬಂದು, ಉಸುರಿನಾಗ ಹೊರಗ ಬೀಳ್ತದ. ನೀವು ಕುರಿ ಕಿವಿ ಕತ್ತರಿಸಿ ಗುರ್ತು ಮಾಡ್ತೀರಲ್ಲ, ಹಂಗ ಇದಕ್ಕೂ ಗುರ್ತು ಮಾಡ್ಯಾರ. ಆ ಗುರ್ತಿಂದು ಹೊರಗ ಬಂದ್ರ ಮಷೀನ್ ಹಿಡೀತದ.”

ಬಸವಂತರಾಯ ಕೂತುಬಿಟ್ಟ. ಸಾವಿರ ಕುರಿಯ ಹಿಂಡಿನಲ್ಲಿ ತಪ್ಪಿಹೋದ ತನ್ನ ಮರಿಯನ್ನು ಕಿವಿಯ ಗುರುತು ನೋಡಿ ಹಿಡಿದು ತಂದವನು ಅವನು. ಆದರೆ ಗಾಳಿಗೆ ಕಿವಿಯೇ? ಗಾಳಿಗೆ ಗುರುತು ಮಾಡಿ, ಮನುಷ್ಯರ ಹೊಟ್ಟೆಯೊಳಗೆ ಮೇಯಲು ಬಿಟ್ಟು, ಬಾಯಲ್ಲಿ ಹೊರಗೆ ಬರುವಾಗ ಹಿಡಿಯುತ್ತಾರೆಂದರೆ!

ಮಾಳಮ್ಮ ಲೋಟದ ಹುಳಿ ನೀರು ಕುಡಿದು, ಅರ್ಧ ತಾಸಿನ ಮೇಲೆ ಎರಡನೆಯ ಚೀಲ ಊದಿದಳು. ಎರಡನ್ನೂ ಮಷೀನಿಗೆ ಹಚ್ಚಿದರು. ಚೀಟಿ ಬಂತು. ಹುಳ ಇಲ್ಲ.

ಹೊರಗೆ ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತ ಮಾಳಮ್ಮ ನಾಲ್ಕು ವರ್ಷದಲ್ಲಿ ನಗದಷ್ಟು ನಕ್ಕಳು. “ನೋಡಿದ್ರಿಲ್ಲ? ಇನ್ನ ನನ್ನ ಮುಂದ ದವಾಖಾನಿ ಹೆಸರ ತಗೀಬ್ಯಾಡ್ರಿ.”

ಬಸವಂತರಾಯ ಚಹಾ ಹಾಗೇ ಕೆಳಗಿಟ್ಟ. ಮಷೀನು ತಪ್ಪಿಲ್ಲ, ಅದು ತಾನು ಕಂಡದ್ದನ್ನು ಹೇಳಿದೆ. ಗುಳಿಗೆ ನುಂಗಿದ್ದೀರಾ ಎಂದು ಆ ಹುಡುಗಿ ಕೇಳಿದ್ದು ಇದಕ್ಕೇ ಇರಬೇಕು, ಕಾಣದಂತೆ ಮಾಡಿದವನು ತಾನು. ಈಗ ಸುಮ್ಮನಿದ್ದರೆ ಇವಳು ಮತ್ತೆ ಈ ಮೆಟ್ಟಿಲು ಹತ್ತುವವಳಲ್ಲ. ಹೇಳಿದರೆ, ಊರ ಕುರಿಗೆಲ್ಲ ವೈದ್ಯ ಅನ್ನಿಸಿಕೊಂಡವನ ಮಾನ ಮೂರು ಕಾಸಿಗೆ ಹೋಗುತ್ತದೆ. ನಾಗಣ್ಣನ ಕಂಬಳಿಯ ಮೇಲಿದ್ದ ರಕ್ತ ನೆನಪಾಯಿತು. ಅವನು ಹೆಂಡತಿಯ ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕರೆದೊಯ್ದ, ಡಾಕ್ಟರ ಮುಂದೆ ನಿಂತು ಒಂದೇ ಉಸಿರಿಗೆ ಹೇಳಿದ: “ತಪ್ಪಾಗ್ಯಾದ್ರಿ ಅಕ್ಕಾರ. ಆಕಿಗಿ ಗೊತ್ತಿಲ್ಲ. ನಾನೇ ಕುರಿ ಗುಳಿಗಿ ಮಜ್ಜಿಗ್ಯಾಗ ಹಾಕಿ ಎಂಟು ದಿನ ಕುಡಿಸೀನಿ.”

ಸುಮಲತಾ ಪೆನ್ನು ಕೆಳಗಿಟ್ಟರು. “ಮನಶ್ಯಾರಿಗಿ ಕುರಿ ಔಷಧ ಹಾಕ್ತೀರಾ? ಏನರ ಆಗಿದ್ರ? ಅಂಥಾ ಗುಳಿಗಿಂದ ಹುಳ ಸಾಯಂಗಿಲ್ರಿ, ಅಡಗ್ತದ. ಅಡಗಿದ್ದು ಮಷೀನಿಗಿ ಸಿಗಂಗಿಲ್ಲ. ಒಂದು ತಿಂಗಳ ಯಾವ ಗುಳಿಗಿನೂ ಬ್ಯಾಡ. ಮತ್ತ ಕರಕೊಂಡು ಬರ್ರಿ. ನಡುವ ಬ್ಯಾನಿ ಜೋರಾದ್ರ ಅವತ್ತೇ ಬರಬೇಕು.”

ಮಾಳಮ್ಮ ಗಂಡನ ಕಡೆ ತಿರುಗಿದಳು. “ನಾ ಏನ್ ನಿಮ್ಮ ಹಟ್ಟ್ಯಾಗಿನ ಕುರಿ ಏನ್ರಿ?”

ಬಸ್ಸಿನಲ್ಲಿ ಅವಳು ಅವನ ಪಕ್ಕ ಬಿಟ್ಟು ಹಿಂದಿನ ಸೀಟಿನಲ್ಲಿ ಕೂತಳು. ತಿಂಗಳಿಡೀ ತನ್ನ ಮಜ್ಜಿಗೆ ತಾನೇ ಕಡೆದು, ತಂಬಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಅವನ ಕೈಗೆ ಸಿಗದಂತೆ ನೆಲುವಿನ ಮೇಲಿಟ್ಟಳು. ಹತ್ತೇ ದಿನಕ್ಕೆ ಉರಿ ಮರಳಿತು. ಅವಳು ಹೊಟ್ಟೆ ಹಿಡಿದು ಮುದುಡಿದಾಗಲೆಲ್ಲ ಬಸವಂತರಾಯ ಹೊಸ್ತಿಲಲ್ಲಿ ಕೂತು ತನ್ನನ್ನು ತಾನೇ ಬೈದುಕೊಂಡ.

ತಿಂಗಳು ಕಳೆದ ಮೇಲೆ ಮಾಳಮ್ಮ ತಾನಾಗಿ ಬಸ್ಸು ಹತ್ತಿದಳು. ಮತ್ತೆ ಎರಡು ಚೀಲ, ನಡುವೆ ಆ ಹುಳಿ ನೀರು. ಈ ಸಲ ಮಷೀನಿನ ಮುಂದೆ ಬಸವಂತರಾಯ ದೇವರ ಎದುರಿಗೆ ನಿಂತವನಂತೆ ಕೈಮುಗಿದು ನಿಂತಿದ್ದ. ಚೀಟಿ ನೋಡಿ ನುಜ್ಹತ, “ಸಿಕ್ತು ಚಾಚಾ” ಎಂದಳು. ರೋಗ ಸಿಕ್ಕಿತೆಂದು ಒಬ್ಬ ಗಂಡಸು ಸಂತೋಷದಿಂದ ಅತ್ತದ್ದನ್ನು ಆ ದವಾಖಾನೆ ಅವತ್ತೇ ನೋಡಿದ್ದು. ನಾಲ್ಕು ವರ್ಷ ತನ್ನ ಪಕ್ಕದಲ್ಲೇ ಅಡಗಿದ್ದದ್ದು, ಹೆಂಡತಿ ಚೀಲದಲ್ಲಿ ಊದಿದ್ದಕ್ಕೆ ಹೊರಗೆ ಬಂದಿತ್ತು. ಒಂದು ಹನಿ ರಕ್ತ ಇಲ್ಲ, ಪೈಪು ಇಲ್ಲ. ಬರೀ ಉಸಿರು.

ಹದಿನಾಲ್ಕು ದಿನದ ಗುಳಿಗೆ ಕೊಟ್ಟರು. ಮಾಳಮ್ಮ ಎಣಿಸಿ ತಾನೇ ನುಂಗಿದಳು. ಮತ್ತೊಂದು ತಿಂಗಳು ಬಿಟ್ಟು ಊದಿದಾಗ ಚೀಟಿ ಚೊಕ್ಕಟ ಬಂತು. ಈ ಸಲ ನಡುವೆ ಯಾರೂ ಏನೂ ಕಲಸಿರಲಿಲ್ಲ.

ಅವತ್ತು ಮಧ್ಯಾಹ್ನ ಮನೆಗೆ ಬಂದು ಬಸವಂತರಾಯ ಹಟ್ಟಿಯಲ್ಲಿ ಕುರಿಗೆ ನೀರಿಟ್ಟು ಒಳಗೆ ಬಂದ. ಮಾಳಮ್ಮ ಒಲೆಯ ಮುಂದೆ ಊಟ ಮುಗಿಸಿ ಕೂತಿದ್ದಳು. ಅವನು ಎದುರಿಗೆ ಕುಕ್ಕರಗಾಲಲ್ಲಿ ಕೂತು, ಕುರಿಗೆ ಬಾಗುವಂತೆ ಅವಳ ಮುಖಕ್ಕೆ ಬಾಗಿದ.

“ಅಯ್ಯ, ಏನ್ ಮಾಡಾಕತ್ತೀರಿ?” ಎಂದು ಅವಳು ಸೆರಗು ಬಾಯಿಗೆ ಒಯ್ದಳು.

“ಒಮ್ಮಿ ಊದು.”

ಬಾಗಿಲ ಕಡೆ ನೋಡಿ, ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಅವಳು ಸೆರಗು ಸರಿಸಿ ಊದಿದಳು. ಬಸವಂತರಾಯ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿಂದ ನೀರು ಇಳಿಯಿತು.

“ಏನ್ ಬಂತ್ರಿ ವಾಸನಿ?”

“ಉಳ್ಳಾಗಡ್ಡಿ” ಎಂದ. “ಹಸಿ ಉಳ್ಳಾಗಡ್ಡಿ.”