ಗೋಡೆಯ ಮೇಲಿನ ಹಸಿರು ಹಡಗು

ಶುಹ್ವೆಗೆ ಬೆಳಿಗ್ಗೆಯಿಂದಲೇ ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು. ಅಣ್ಣ ಮಿಂಗ್‌ತೆ ಮಾತ್ರ ಏನೂ ಆಗದವನಂತೆ ಪುಟ್ಟ ಬಟ್ಟಲುಗಳಿಗೆ ಚಹಾ ಬಗ್ಗಿಸುತ್ತ ಕೂತಿದ್ದ. ಜನರ ಮಾಲಿಗೆ ಹಡಗಿನಲ್ಲಿ ಜಾಗ ಹಿಡಿದುಕೊಟ್ಟು, ಅದು ಆಚೆ ದಡ ಮುಟ್ಟುವ ತನಕ ಕಾಯುವುದು ತೈವಾನಿನ ಕಾವ್‌ಶುಂಗ್ ಬಂದರಿನಲ್ಲಿ ಅವರಪ್ಪನ ಕಾಲದಿಂದ ಬಂದ ಕಸುಬು. ಗಿರಾಕಿಗಳ ಜೊತೆ ಊಟಕ್ಕೆ ಹೋಗುವುದು ಅಣ್ಣನ ಪಾಲು, ಅವರ ಬೈಗುಳ ತಿನ್ನುವುದು ತಂಗಿಯ ಪಾಲು.

ಕಂಟೇನರ್ ಎಲ್ಲಿದೆ ಎಂದು ತೋರಿಸುವ ಸಾಫ್ಟ್‌ವೇರ್ ಕೊಳ್ಳಬೇಕಿತ್ತು. ಎರಡನ್ನು ತರಿಸಿ ನೋಡುತ್ತಿದ್ದರು. ತೈಪೆಯ ಸಣ್ಣ ಕಂಪನಿಯದು ನೋಡಲು ಚೆಂದವಿಲ್ಲ. ಹಡಗು ತಡವಾದರೂ ಕೆಂಪು, ಕಂಟೇನರಿಗೆ ಹಡಗು ತಪ್ಪಿದರೂ ಕೆಂಪು. ಇನ್ನೊಂದು ಈಗ ಗೋಡೆಯ ಪರದೆಯ ಮೇಲೆ ಮಿಂಚುತ್ತಿತ್ತು. ನೀಲಿ ಕಡಲು, ಅದರ ತುಂಬ ಹಸಿರು ಹಡಗುಗಳು. ಅದನ್ನು ಮಾರಲು ಬಂದಿದ್ದ ಯೂ ಎಂಬ ಹುಡುಗ ಮದುವಣಿಗನಂತೆ ಸಿಂಗರಿಸಿಕೊಂಡು ನಿಂತಿದ್ದ.

“ಆ ತೈಪೆಯದು ಬರೀ ಅಳುಬುರುಕಿ ಕಣೋ,” ಎಂದ ಮಿಂಗ್‌ತೆ ಯೂಗೆ. “ಬೆಳಗಾದ್ರೆ ಕೆಂಪು, ಸಂಜೆಯಾದ್ರೆ ಕೆಂಪು. ಗಿರಾಕಿ ನೋಡಿದ್ರೆ ಎದೆ ಒಡ್ಕೊಂಡು ಸಾಯ್ತಾನೆ. ನಿಂದು ನೋಡು, ಹೇಳಿದ ಮಾತು ಕೇಳುತ್ತೆ.”

ಮೂಲೆಯಲ್ಲಿ ಇದನ್ನೆಲ್ಲ ಓಡಿಸುತ್ತಿದ್ದ ಕಂಪ್ಯೂಟರ್ ಯಂತ್ರದ ನೆತ್ತಿಯ ಮೇಲೆ ಜೋಳದ ಕುರುಕಲಿನ ಹಸಿರು ಪೊಟ್ಟಣ ಕೂತಿತ್ತು. ಯಂತ್ರ ತಂಟೆ ಮಾಡದೆ ಒಳ್ಳೆಯ ಮಗುವಿನಂತಿರಲಿ ಎಂದು ಊರಿನ ಕಚೇರಿಗಳಲ್ಲೆಲ್ಲ ಇಡುವಂಥದ್ದು. ಬಣ್ಣ ಹಸಿರೇ ಆಗಬೇಕು, ಅವಧಿ ಮೀರಿರಬಾರದು, ಅಪ್ಪಿತಪ್ಪಿಯೂ ಒಡೆಯಬಾರದು, ಒಡೆದರೆ ಯಂತ್ರ ತಿರುಗಿಬೀಳುತ್ತದೆ ಎಂಬ ನಂಬಿಕೆ. ಇದನ್ನು ಮಿಂಗ್‌ತೆಯೇ ತಂದು ಕೈಮುಗಿದು ಇಟ್ಟಿದ್ದ.

“ಷಿಯೇ ಚಿಕ್ಕಮ್ಮನ ಕಂಟೇನರ್ ತೋರಿಸಪ್ಪ,” ಎಂದಳು ಶುಹ್ವೆ.

ಷಿಯೇ ಅವರಮ್ಮನ ಗೆಳತಿ, ಆರ್ಕಿಡ್ ಬೆಳೆಯುವವಳು. ಇಡೀ ವರ್ಷ ಸಾಕಿದ ಗಿಡಗಳನ್ನು ತಣ್ಣನೆಯ ಕಂಟೇನರಿನಲ್ಲಿ ಕೆನಡಾಕ್ಕೆ ಕಳಿಸಿದ್ದಳು. ಯೂ ಬೆರಳಾಡಿಸಿದ. ಶಾಂತಸಾಗರದ ನಟ್ಟನಡುವೆ ಒಂದು ಹಸಿರು ಹಡಗು ಹೊಳೆಯಿತು.

“ಅಲ್ಲಿಲ್ಲ ಅದು,” ಎಂದಳು ಶುಹ್ವೆ. “ಕೊರಿಯಾದ ಬುಸಾನ್‌ನಲ್ಲಿ ಬಿದ್ದಿದೆ. ಅಲ್ಲಿ ಹಡಗು ಬದಲಿಸಬೇಕಿತ್ತು, ಅಲ್ಲಿಯವರು ಹತ್ತಿಸಲೇ ಇಲ್ಲ. ತೈಪೆಯವರದು ಕೆಂಪಾಗಿತ್ತು ಅಂತ ಬೆಳಿಗ್ಗೆ ನಾನೇ ಆ ಬಂದರಿಗೆ ಫೋನ್ ಮಾಡಿ ಕೇಳಿದೆ. ಇನ್ನೂ ಅಲ್ಲೇ ಕೂತರೆ ಕತ್ತಲಲ್ಲೇ ಗಿಡ ಕೊಳೆಯುತ್ತೆ. ಸಂಜೆ ಇನ್ನೊಂದು ಹಡಗಿದೆ, ಜಾಗಾನೂ ಇದೆ. ಚಿಕ್ಕಮ್ಮ ಹೂಂ ಅಂದ್ರೆ ಹತ್ತಿಸ್ತಾರೆ. ನಿಮ್ಮ ಹಡಗು ಯಾಕಪ್ಪ ಇನ್ನೂ ಓಡ್ತಾ ಇದೆ?”

ಯೂ ಮಿಂಗ್‌ತೆಯ ಮುಖ ನೋಡಿದ. “ಅಕ್ಕಾ, ಅದು ನಮ್ಮ ವಿಶೇಷ. ಕೆಟ್ಟ ಸುದ್ದಿ ಬಂದ್ರೆ ಮೊದಲು ಯಜಮಾನ್ರಿಗೆ ಬರುತ್ತೆ. ಅವರು ಬಿಡೋ ತನಕ ಗಿರಾಕಿ ಫೋನಿನಲ್ಲಿ ಹಸಿರೇ ಕಾಣುತ್ತೆ, ಹಡಗು ಮುಂದಕ್ಕೆ ಹೋಗ್ತಾನೇ ಇರುತ್ತೆ. ಯಜಮಾನ್ರಿಗೆ ತುಂಬ ಹಿಡಿಸಿದ್ದೇ ಅದು.”

ಅವಳು ಅಣ್ಣನತ್ತ ತಿರುಗಿದಳು. “ನಿನಗೆ ಗೊತ್ತಿತ್ತಾ?”

“ಮೊನ್ನೆನೇ ಬಂತು ಸುದ್ದಿ,” ಎಂದ ಮಿಂಗ್‌ತೆ, ಬಟ್ಟಲು ಕೆಳಗಿಡದೆ. “ಮುಂದಿನ ವಾರದ ಹಡಗಿಗೆ ಹಾಕಿದ್ರಾಯ್ತು. ಗಿಡ ತಾನೇ, ಒಂದಿಷ್ಟು ಬದುಕುತ್ವೆ. ಈಗಲೇ ಹೇಳಿದ್ರೆ ಮುದುಕಿ ಬಂದು ಬಾಗಿಲಲ್ಲಿ ಕೂತ್ಕೋತಾಳೆ. ನೀನು ಕೂತ್ಕೊಂಡು ಟೀ ಕುಡಿ.”

ಮೊನ್ನೆ. ಮೊನ್ನೆಯೂ ಹಡಗುಗಳು ಹೊರಟಿದ್ದವು. ಅಮ್ಮ ಕಾಯಿಲೆ ಬಿದ್ದಾಗ ದಿನಾ ಗಂಜಿ ತಂದವಳಿಗೆ ಇವನು ಮಾಡುವ ಉಪಕಾರ ಇದು. ಹಾಳು ಯಂತ್ರವನ್ನು ಬೈದು ಪ್ರಯೋಜನವಿಲ್ಲ, ಅದಕ್ಕೆ ಸುಳ್ಳು ಕಲಿಸಿದವನು ಒಡಹುಟ್ಟಿದವನೇ. ಅವಳಿಗೆ ಅವನ ಚಹಾದ ತಟ್ಟೆಯನ್ನು ಕಿಟಕಿಯಿಂದಾಚೆ ಬಂದರಿಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಎಲ್ಲರಿಗೂ ಕೇಳುವಂತೆ ಫೋನ್ ಹಚ್ಚಿ ಮೇಜಿನ ಮೇಲಿಟ್ಟಳು.

“ಚಿಕ್ಕಮ್ಮ, ನಿಮ್ಮ ಗಿಡ ಬುಸಾನ್‌ನಲ್ಲೇ ಇದೆ. ಹಡಗು ಹತ್ತಿಲ್ಲ.”

“ನಿಂಗೇನು ಕನಸು ಬಿತ್ತೇನೇ?” ಷಿಯೇ ನಕ್ಕಳು. “ಈಗ ತಾನೇ ನೋಡಿದೆ, ನಡುಸಮುದ್ರದಲ್ಲಿದೆ. ದಿನಾ ಕಡಲು ಕಾಯೋ ಮಾಝು ತಾಯಿಗೆ ಊದುಬತ್ತಿ ಹಚ್ಚಿದ ಮೇಲೆ ಫೋನಿನಲ್ಲಿ ಆ ಹಡಗಿಗೂ ಕೈಮುಗಿತೀನಿ. ನಿಮ್ಮಣ್ಣ ಹಾಕ್ಕೊಟ್ಟಿದ್ದು ಸುಳ್ಳು ಹೇಳುತ್ತಾ?”

“ನಿಜ ಹೇಳ್ತಿದೀನಿ ಚಿಕ್ಕಮ್ಮ. ಸಂಜೆ ಹಡಗಿಗೆ ಹಾಕಿಸ್ತೀನಿ, ನೀವು ಹೂಂ ಅನ್ನಿ.”

“ನೀನು ಮೊದಲಿಂದಲೂ ಗಾಬರಿ ಹುಡುಗಿ. ಮಿಂಗ್‌ತೆ ಇದಾನಾ? ಅವನು ಹೇಳಲಿ, ಒಪ್ತೀನಿ.”

ಎಲ್ಲರೂ ಮಿಂಗ್‌ತೆಯನ್ನು ನೋಡಿದರು. ಅವನು ಬೇಡವೆಂದು ಕೈಯಾಡಿಸಿದ. ಫೋನ್ ಇಡು ಎಂದು ಕಣ್ಣಲ್ಲೇ ಗದರಿದ.

ಶುಹ್ವೆ ಎದ್ದು ಮೂಲೆಗೆ ಹೋದಳು. ಯಂತ್ರದ ಮೇಲಿನ ಹಸಿರು ಪೊಟ್ಟಣವನ್ನು ಕೈಗೆತ್ತಿಕೊಂಡಳು. ಕಚೇರಿಯ ಲೆಕ್ಕ ಬರೆಯುತ್ತಿದ್ದ ಹುಡುಗಿ ಕುರ್ಚಿಯಿಂದ ಎದ್ದೇ ನಿಂತಳು. ಯೂ, “ಅಕ್ಕಾ, ಬೇಡ ಅಕ್ಕಾ,” ಎಂದ.

ಪರ್ರನೆ ಹರಿದಳು. ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಣ್ಣನ ಎದುರಿಗೇ ನಿಂತು ಕಟಕಟನೆ ಅಗಿದಳು.

“ಆಯ್ತು,” ಎಂದಳು. “ಒಳ್ಳೆ ಮಗು ಥರ ಬಿದ್ದಿರು ಅಂತ ಇದಕ್ಕೆ ಹೇಳೋರು ಇನ್ನು ಯಾರೂ ಇಲ್ಲ. ಈಗ ನೀನು ಹೇಳು.”

ಮಿಂಗ್‌ತೆಯ ಮುಖ ಬಿಳಿಚಿಕೊಂಡಿತ್ತು. ಅವನ ಕಣ್ಣು ಯಂತ್ರದ ಮೇಲೆ, ಗೋಡೆಯ ಹಡಗುಗಳ ಮೇಲೆ, ಮತ್ತೆ ಯಂತ್ರದ ಮೇಲೆ ಓಡಿತು. ಇನ್ನೇನು ಕಾದಿದೆಯೋ ಎಂದು ಅದರ ದೀಪಗಳನ್ನೇ ನೋಡುತ್ತ ಹೇಳಿದ: “ಹೌದು ಚಿಕ್ಕಮ್ಮ. ಬುಸಾನ್‌ನಲ್ಲೇ ಇದೆ.”

ಶುಹ್ವೆಯ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಸಾಯುತ್ತಿರುವ ಗಿಡಗಳಿಗಾಗಿ ತೆರೆಯದ ಬಾಯನ್ನು ಅವನು ಕುರುಕಲು ಪೊಟ್ಟಣಕ್ಕೆ ಹೆದರಿ ತೆರೆದಿದ್ದ.

ಷಿಯೇ, “ಸಂಜೆ ಹಡಗಿಗೇ ಹಾಕಿಸು ಶುಹ್ವೆ,” ಎಂದಳು. ಶುಹ್ವೆ ಆಗಲೇ ಇನ್ನೊಂದು ಫೋನಿನಲ್ಲಿ ಬುಸಾನಿನ ನಂಬರ್ ಒತ್ತುತ್ತಿದ್ದಳು.

“ಮಿಂಗ್‌ತೆ, ಇದೀಯೇನಪ್ಪ?” ಮುದುಕಿ ಕೇಳಿದಳು. “ಹಾಗಾದ್ರೆ ದಿನಾ ಬೆಳಿಗ್ಗೆ ನಾನು ಕೈಮುಗಿದಿದ್ದು ಯಾವುದಕ್ಕೆ?”

ಗೋಡೆಯ ಮೇಲೆ ಅವಳ ಹಸಿರು ಹಡಗು ಕೆನಡಾದ ಕಡೆಗೆ ಇನ್ನೂ ಒಂದು ಕೂದಲೆಳೆಯಷ್ಟು ಸರಿಯಿತು.